ಕರೆಂಟ್ ಉಣ್ಣುವ ಸೂಕ್ಷ್ಮಜೀವಿಗಳು: ತುಮಕೂರು ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾವಗಡ, ಮಧುಗಿರಿ, ತಿಪಟೂರು, ಕುಣಿಗಲ್ ಕಡೆಯ ಶಾಲೆ ಕಾಲೇಜುಗಳಲ್ಲಿ, ರೈತರ ಸಭೆಗಳಲ್ಲಿ ನಾನು ಈ ವಿಷಯ ಮಾತಾಡುತ್ತಾ ಬಂದಿದ್ದೇನೆ. ಮಾತು ಮುಗಿದ ಮೇಲೆ ಕೇಳಿದ್ದು, ಕಾಗದದಲ್ಲಿ ಬರೆದದ್ದು, ಫೋನಿಗೆ ಕಳಿಸಿದ್ದು ಎಲ್ಲ ಸೇರಿ ಪ್ರಶ್ನೆಗಳ ಒಂದು ಕಂತೆಯೇ ಆಗಿದೆ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರುವಿಗೆ

ಬ್ಯಾಕ್ಟೀರಿಯಾ ಕರೆಂಟ್ ತಿನ್ನುತ್ತೆ ಅಂದ್ರೆ ಏನ್ ಸಾರ್, ನಿಜವಾಗ್ಲೂ ತಿನ್ನುತ್ತಾ?

ನಿಜವಾಗಿಯೂ. ನಾವು ಮುದ್ದೆ ಉಂಡಾಗ ದೇಹ ಮಾಡುವ ಕೆಲಸ ನೋಡಿ. ರಾಗಿಯ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಕಿತ್ತು ಉಸಿರಿನ ಆಮ್ಲಜನಕಕ್ಕೆ ದಾಟಿಸುತ್ತೇವೆ. ಹಾಗೆ ದಾಟಿಸುವ ದಾರಿಯಲ್ಲಿ ಸಿಗುವ ಶಕ್ತಿಯೇ ನಮ್ಮ ಬದುಕು. ಕೆಲವು ಸೂಕ್ಷ್ಮಜೀವಿಗಳಿಗೆ ಸಕ್ಕರೆ ಬೇಕಿಲ್ಲ. ಅವು ಎಲೆಕ್ಟ್ರಾನನ್ನು ಹೈಡ್ರೋಜನ್ನಿನಿಂದ ತೆಗೆದುಕೊಳ್ಳುತ್ತವೆ, ಕಬ್ಬಿಣದಿಂದ ತೆಗೆದುಕೊಳ್ಳುತ್ತವೆ, ತಂತಿ ಕಟ್ಟಿದ ಇಂಗಾಲದ ತುಂಡೊಂದನ್ನು ಒಡ್ಡಿದರೆ ಅದರಿಂದಲೂ ತೆಗೆದುಕೊಳ್ಳುತ್ತವೆ. ತೆಗೆದುಕೊಂಡದ್ದನ್ನು ದಾಟಿಸುವುದು ಆಮ್ಲಜನಕಕ್ಕಲ್ಲ, ಇಂಗಾಲದ ಡೈಆಕ್ಸೈಡಿಗೆ. ಆಗ ಆ ಅನಿಲ ಅಸಿಟಿಕ್ ಆಮ್ಲವಾಗಿಯೋ (ವಿನೆಗರಿನ ಹುಳಿ ಅದೇ) ಮೀಥೇನಾಗಿಯೋ ಬದಲಾಗುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಕೆಲ್ಲಿ ನೆವಿನ್, ಡೆರೆಕ್ ಲವ್ಲಿ ಮತ್ತು ಸಂಗಡಿಗರು 2010ರಲ್ಲಿ ಇದನ್ನು ತೋರಿಸಿಕೊಟ್ಟರು. ಸ್ಪೊರೊಮುಸಾ ಒವಾಟಾ ಎಂಬ ಬ್ಯಾಕ್ಟೀರಿಯಾವನ್ನು ಗ್ರಾಫೈಟ್ ಮೇಲೆ ಪದರವಾಗಿ ಬೆಳೆಸಿ ಕರೆಂಟ್ ಕೊಟ್ಟರು. ಕೊಟ್ಟ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಅಸಿಟೇಟ್ (ನೀರಿನಲ್ಲಿ ಕರಗಿದ ಅಸಿಟಿಕ್ ಆಮ್ಲದ ಅಯಾನು ರೂಪ) ಆಗಿ ಸಿಕ್ಕಿತು. ‘ಮೈಕ್ರೋಬಿಯಲ್ ಎಲೆಕ್ಟ್ರೋಸಿಂಥೆಸಿಸ್’ ಎಂಬ ಹೆಸರು ಬಂದದ್ದು ಆಗಲೇ. ನಾನು ಸಲೀಸಾಗಿ ‘ವಿದ್ಯುತ್ ಬೇಸಾಯ’ ಎನ್ನುತ್ತೇನೆ.

ಕರೆಂಟ್ ಹೊಡೆದು ಅವು ಸತ್ತು ಹೋಗಲ್ವಾ?

ಇಲ್ಲ. ಇಡೀ ಪಾತ್ರೆಗೆ ಕೊಡುವುದು 2ರಿಂದ 3 ವೋಲ್ಟ್, ಅಂದರೆ ಟಾರ್ಚಿನ ಎರಡು ಸೆಲ್‌ನಷ್ಟು. ಜೀವಿಗೆ ಸಿಗುವುದು ಒಂದೊಂದೇ ಎಲೆಕ್ಟ್ರಾನು. ನೀವು ಹೇಳುವ ‘ಶಾಕ್’ ಅಲ್ಲಿಲ್ಲ.

ಮರಗಿಡಗಳು ಮಾಡೋದೂ ಇದೇ ಅಲ್ವಾ? ಹೊಂಗೆ, ಬೇವು ನೆಟ್ಟರೆ ಸಾಲದಾ?

ನೆಡಿ, ದಯವಿಟ್ಟು ನೆಡಿ. ಅದಕ್ಕೂ ಇದಕ್ಕೂ ಜಗಳವಿಲ್ಲ. ಆದರೆ ಎರಡರ ಕೆಲಸ ಬೇರೆ. ಬೆಳೆಯೊಂದು ತನ್ನ ಮೇಲೆ ಬಿದ್ದ ಬಿಸಿಲಿನ ಶೇ. 1ರ ಆಸುಪಾಸನ್ನಷ್ಟೇ ಮೈಗೂಡಿಸಿಕೊಳ್ಳುತ್ತದೆ. ಸೋಲಾರ್ ಫಲಕ ಶೇ. 20ರಷ್ಟನ್ನು ಕರೆಂಟ್ ಮಾಡುತ್ತದೆ. 2016ರಲ್ಲಿ ಹಾರ್ವರ್ಡ್‌ನ ಡೇನಿಯಲ್ ನೊಸೆರಾ, ಪಮೇಲಾ ಸಿಲ್ವರ್ ತಂಡದವರು ಕರೆಂಟಿನಿಂದ ಹೈಡ್ರೋಜನ್ ಮಾಡಿ ಬ್ಯಾಕ್ಟೀರಿಯಾಕ್ಕೆ ಉಣಿಸಿದರು. ಬಿಸಿಲಿನಿಂದ ಜೀವರಾಶಿಯವರೆಗಿನ ಇಡೀ ದಾರಿಗೆ ಶೇ. 10ರಷ್ಟು ದಕ್ಷತೆ ಸಾಧ್ಯವೆಂದು ಅವರ ಲೆಕ್ಕ ಹೇಳಿತು. ಎರೆಮಣ್ಣು, ಮಳೆ ಯಾವುದೂ ಬೇಡದ ಬೆಳೆ ಇದು. ಬಂಡೆ ಮೇಲೂ ಆಗುತ್ತದೆ. ನೆರಳು ಮಾತ್ರ ಕೊಡುವುದಿಲ್ಲ.

ನಮ್ಮನೆ ಗೋಬರ್ ಗ್ಯಾಸ್ ಗುಂಡಿಗೂ ಇದಕ್ಕೂ ಏನಾದ್ರೂ ನಂಟು ಇದೆಯಾ?

ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಗುಂಡಿಯಲ್ಲಿ ಸಗಣಿ ಕೊಳೆಯುವಾಗ ಕೊನೆಯ ಕೆಲಸ ಮೀಥೇನ್ ಮಾಡುವ ಜೀವಿಗಳದ್ದು. ಅವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲ. ಅವುಗಳಲ್ಲಿ ಹಲವು ಹೈಡ್ರೋಜನ್ನನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಮೀಥೇನ್ ಮಾಡಬಲ್ಲವು. ಆದರೆ ಗುಂಡಿಯೊಳಗೆ ಹೈಡ್ರೋಜನ್ ಸಾಲುವುದಿಲ್ಲ. ಅದಕ್ಕೇ ನಿಮ್ಮ ಒಲೆಗೆ ಬರುವ ಅನಿಲದಲ್ಲಿ ಮೀಥೇನ್ ಶೇ. 55–60 ಮಾತ್ರ, ಮಿಕ್ಕದ್ದು ಹೆಚ್ಚೂಕಡಿಮೆ ಎಲ್ಲ ಇಂಗಾಲದ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಜಾಗ ತಿನ್ನುತ್ತದೆ.

ಈಗ ಆ ಗುಂಡಿಗೆ ಎರಡು ಎಲೆಕ್ಟ್ರೋಡ್ (ತಂತಿ ಕಟ್ಟಿದ ಇಂಗಾಲದ ತುಂಡು) ಇಳಿಸಿ ಹಗಲು ಸೋಲಾರ್ ಕರೆಂಟ್ ಕೊಟ್ಟೆವು ಎನ್ನಿ. ಕೊರತೆ ಬಿದ್ದ ಎಲೆಕ್ಟ್ರಾನುಗಳನ್ನು ನಾವೇ ತುಂಬಿಕೊಟ್ಟ ಹಾಗಾಯಿತು, ಮಿಕ್ಕ ಇಂಗಾಲದ ಡೈಆಕ್ಸೈಡೂ ಮೀಥೇನ್ ಆಗತೊಡಗುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೋಗನ್ ತಂಡ 2009ರಲ್ಲಿ ಕರೆಂಟಿನಿಂದ ನೇರ ಮೀಥೇನ್ ಬರುವುದನ್ನು ತೋರಿಸಿತ್ತು. ಡೆನ್ಮಾರ್ಕ್‌ನ ಅವೆಡೋರ್‌ನಲ್ಲಿ ಇದರ ಅಣ್ಣತಮ್ಮನಂಥ ವಿಧಾನ ದೊಡ್ಡ ಮಟ್ಟದಲ್ಲೇ ನಡೆಯಿತು: 1 ಮೆಗಾವಾಟ್ ಕರೆಂಟಿನಿಂದ ಹೈಡ್ರೋಜನ್ ಮಾಡಿ, ಅದನ್ನು ಬೇರೆ ತೊಟ್ಟಿಯಲ್ಲಿ ಆರ್ಕಿಯಾಕ್ಕೆ ಕೊಟ್ಟು ಮೀಥೇನ್ ತೆಗೆಯುವ ಘಟಕ.

ನಮ್ಮ ಜಿಲ್ಲೆಗೆ ಇದು ಹೊರಗಿನ ಸರಕಲ್ಲ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದಾಗ ಅದರ ಹಳ್ಳಿ ಕೇಂದ್ರ ಬಂದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ. ಅದೇ ತಾಲ್ಲೂಕಿನ ಪುರದಲ್ಲಿ 1987ರಿಂದ ಊರವರ ಸಗಣಿಯೆಲ್ಲ ಒಂದೇ ಕಡೆ ಸೇರಿ, ಆ ಅನಿಲದಿಂದ ಎಂಜಿನ್ ಓಡಿ, ಮನೆಗೆ ದೀಪವೂ ನಲ್ಲಿಗೆ ನೀರೂ ಬಂತು. ಅನಿಲದಿಂದ ಕರೆಂಟ್ ತೆಗೆದ ಸೀಮೆ ನಮ್ಮದು. ಈಗ ಕೇಳುತ್ತಿರುವುದು ಅದರ ತಿರುಗುಮುರುಗು: ಕರೆಂಟಿನಿಂದ ಅನಿಲ.

ಮಗಳು ವಿಜ್ಞಾನ ಪ್ರದರ್ಶನಕ್ಕೆ ಇಡಬೇಕಂತೆ, ಮನೇಲೇ ಮಾಡಬಹುದಾ?

ಇಂಗಾಲದ ಡೈಆಕ್ಸೈಡಿನಿಂದ ಆಮ್ಲ ಮಾಡುವ ಪ್ರಯೋಗ ಮನೆಯದಲ್ಲ. ಆಮ್ಲಜನಕ ಸುಳಿಯದ ಪಾತ್ರೆ ಬೇಕು, ಅಳೆಯುವ ಯಂತ್ರ ಬೇಕು. ಉಪ್ಪುನೀರಿಗೆ ಬ್ಯಾಟರಿ ತಂತಿ ಇಳಿಸುವ ಆಟವಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಬರುತ್ತದೆ. ಆದರೆ ಅದರ ಉಲ್ಟಾ ಪ್ರಯೋಗ ಮನೆಯಲ್ಲೇ ಆಗುತ್ತದೆ: ಬ್ಯಾಕ್ಟೀರಿಯಾದಿಂದ ಕರೆಂಟ್. 1911ರಲ್ಲಿ ಇಂಗ್ಲೆಂಡಿನ ಎಂ. ಸಿ. ಪಾಟರ್ ಮೊದಲು ತೋರಿಸಿದ ತತ್ವ ಅದು.

ನಾನು ಮಾಡಿದ್ದು ಹೀಗೆ. ಕೆರೆಯಂಚಿನಿಂದ ಅರ್ಧ ಬಕೆಟ್ ಕಪ್ಪು ಕೆಸರು ತಂದೆ. ಅಂಗೈಯಗಲದ ಎರಡು ಕಾರ್ಬನ್ ಫೆಲ್ಟ್ (ಇಂಗಾಲದ ಎಳೆಗಳ ಕಂಬಳಿಯಂಥ ಹಾಳೆ) ತುಂಡು ತೆಗೆದುಕೊಂಡು, ಒಂದನ್ನು ಕೆಸರಿನೊಳಗೆ ಒಂದು ಗೇಣು ಆಳಕ್ಕೆ ಹೂತೆ, ಇನ್ನೊಂದನ್ನು ಮೇಲೆ ನಿಂತ ನೀರಿನಲ್ಲಿ ತೇಲಿಬಿಟ್ಟೆ. ನಡುವೆ 1000 ಓಮ್‌ನ ರೆಸಿಸ್ಟರ್, ಅದಕ್ಕೆ ಮಲ್ಟಿಮೀಟರ್. ಮೊದಲ ದಿನ ಮುಳ್ಳು ಮಿಸುಕಿದರೆ ಹೆಚ್ಚು. ನಾಲ್ಕನೇ ದಿನ ಕೆಸರಿನ ಮೇಲ್ಪದರ ಕಂದುಬಣ್ಣಕ್ಕೆ ತಿರುಗಿತು, ಕೆಳಗೆ ಕಪ್ಪು ಹಾಗೇ ಉಳಿಯಿತು. ಕಂದಿಗೂ ಕಪ್ಪಿಗೂ ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಎರಡನೇ ವಾರಕ್ಕೆ 0.3 ವೋಲ್ಟ್ ದಾಟಿತು. ಬಿಸಿಲಿಗೆ ನೀರು ಆರಿ ಮೇಲಿನ ಫೆಲ್ಟ್ ಒಣಗಿದ ದಿನ ಪೂರ್ತಿ ಬಿದ್ದುಹೋಯಿತು. ಒಂದು ಚೊಂಬು ನೀರು ಹಾಕಿದ ಮೇಲೆ ಸಂಜೆಯ ಹೊತ್ತಿಗೆ ಮತ್ತೆ ಎದ್ದಿತು. ಮಗಳಿಗೆ ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಲು ಹೇಳಿ. ಆ ಗ್ರಾಫೇ ಪ್ರದರ್ಶನ.

## ಲೆಕ್ಕ, ಜಮೀನು, ದುಡ್ಡು

ಒಂದು ಕೆಜಿ ಆಮ್ಲ ಮಾಡೋಕೆ ಎಷ್ಟು ಯೂನಿಟ್ ಆಗುತ್ತೆ?

ಈ ಲೆಕ್ಕವನ್ನು ಯಾರ ಮಾತು ನಂಬಿಯೂ ಒಪ್ಪಬೇಕಿಲ್ಲ, ಪಿಯುಸಿ ರಸಾಯನಶಾಸ್ತ್ರ ಸಾಕು. ಅಸಿಟಿಕ್ ಆಮ್ಲದ ಒಂದು ಅಣುವಿಗೆ ಇಂಗಾಲದ ಡೈಆಕ್ಸೈಡಿನ 2 ಅಣು, 8 ಎಲೆಕ್ಟ್ರಾನು ಬೇಕು. 1 ಕೆಜಿ ಆಮ್ಲಕ್ಕೆ ಸುಮಾರು 3,570 ಆಂಪಿಯರ್-ಗಂಟೆ ಆಯಿತು. ನೀರನ್ನು ಒಡೆದು ಆ ಎಲೆಕ್ಟ್ರಾನು ತೆಗೆಯಲು ಪ್ರಕೃತಿ ಕೇಳುವ ಕನಿಷ್ಠ ಬೆಲೆ 1.1 ವೋಲ್ಟ್. ಹಾಗಾದರೆ 4 ಯೂನಿಟ್ಟಿಗಿಂತ ಕಡಿಮೆಯಲ್ಲಿ ಯಾರಿಂದಲೂ, ಯಾವ ಕಾಲಕ್ಕೂ ಆಗದು. ನಿಜವಾದ ಪಾತ್ರೆಯಲ್ಲಿ 2.5 ವೋಲ್ಟಾದರೂ ಬೇಕು, ಎಲೆಕ್ಟ್ರಾನುಗಳಲ್ಲಿ ಐದರಲ್ಲೊಂದು ಪಾಲು ದಾರಿ ತಪ್ಪುತ್ತದೆ ಎಂದಿಟ್ಟುಕೊಳ್ಳಿ. ಆಗ ಸುಮಾರು 11 ಯೂನಿಟ್. 5 ಎಚ್‌ಪಿ ಪಂಪ್‌ಸೆಟ್ ಮೂರು ಗಂಟೆ ಓಡಿದಷ್ಟು. ಅಷ್ಟಕ್ಕೆ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಒಂದೂವರೆ ಕೆಜಿಯ ಹತ್ತಿರ.

ಹಾಗಾದ್ರೆ ಮನೆ ಲೈನ್ ಕರೆಂಟಲ್ಲೇ ಓಡಿಸಬಹುದಲ್ಲ?

ಓಡಿಸಬಹುದು, ಆದರೆ ಹಾಗೆ ಓಡಿಸುವುದು ತಪ್ಪು. ನಮ್ಮ ದೇಶದ ಗ್ರಿಡ್ಡಿನಲ್ಲಿ ಇನ್ನೂ ಕಲ್ಲಿದ್ದಲಿನದೇ ದೊಡ್ಡ ಪಾಲು. ಸರಾಸರಿ ಒಂದು ಯೂನಿಟ್ಟಿನ ಹಿಂದೆ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಚಿಮಣಿ ಹತ್ತುತ್ತದೆ. 11 ಯೂನಿಟ್ಟಿಗೆ 7 ಕೆಜಿಗೂ ಮೇಲೆ. ಹಿಡಿದದ್ದು ಒಂದೂವರೆ, ಬಿಟ್ಟದ್ದು ಏಳು. ಕೆರೆ ತುಂಬಿಸಲು ಹೋಗಿ ಕೋಡಿ ಒಡೆದಂತೆ. ಈ ತಂತ್ರದ ಬಗ್ಗೆ ಯಾರು ಏನೇ ಹೇಳಲಿ, ನಾನು ಮೊದಲು ಕೇಳುವುದು ‘ಕರೆಂಟ್ ಎಲ್ಲಿಂದ?’ ಎಂದು. ಬಿಸಿಲು, ಗಾಳಿ, ನೀರಿನ ಕರೆಂಟಾದರೆ ಕೂತು ಮಾತಾಡೋಣ.

ಪಾವಗಡದ ಸೋಲಾರ್ ಪಾರ್ಕ್ ಪಕ್ಕದಲ್ಲೇ ಇಂಥ ಫ್ಯಾಕ್ಟರಿ ಹಾಕಿದ್ರೆ ನಮ್ ಹುಡುಗ್ರಿಗೆ ಕೆಲಸ ಸಿಗಲ್ವಾ?

ತಿರುಮಣಿ ಕಡೆಯ ಸಭೆಗಳಲ್ಲಿ ಇದನ್ನು ಕೇಳದೆ ಯಾರೂ ನನ್ನನ್ನು ಬಿಟ್ಟಿಲ್ಲ. 2,050 ಮೆಗಾವಾಟ್, ಸುಮಾರು 13,000 ಎಕರೆ. ಜಮೀನು ಮಾರಿಸದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಗೆ ರೈತರಿಂದ ಪಡೆದ ಪಾರ್ಕ್ ಅದು. ಜಮೀನಿದ್ದವರಿಗೆ ಬಾಡಿಗೆ ಬಂತು, ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಹೊಲವೇ ಹೋಯಿತು. ಅವರ ಮಕ್ಕಳು ಕೇಳುವ ಪ್ರಶ್ನೆಗೆ ಸುಳ್ಳು ಆಸೆ ಹುಟ್ಟಿಸುವ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಇವತ್ತಿನ ಮಟ್ಟಿಗೆ ಫ್ಯಾಕ್ಟರಿ ಆಗುವುದಿಲ್ಲ. ಮೊದಲ ತೊಡಕು ಎಲೆಕ್ಟ್ರೋಡಿನ ವಿಸ್ತಾರ. ಒಂದು ಚದರ ಮೀಟರಿಗೆ 50 ಆಂಪಿಯರ್ ಹರಿದರೆ, ಒಂದೂ ಎಲೆಕ್ಟ್ರಾನು ಪೋಲಾಗದಿದ್ದರೂ ದಿನವಿಡೀ ಸಿಗುವ ಆಮ್ಲ 336 ಗ್ರಾಂ. ದಿನಕ್ಕೆ ಒಂದು ಟನ್ ಬೇಕೆಂದರೆ ಮುಕ್ಕಾಲು ಎಕರೆ ಎಲೆಕ್ಟ್ರೋಡನ್ನು ಮಡಚಿ ತೊಟ್ಟಿಗಳಲ್ಲಿ ತುಂಬಬೇಕು. ಸೂರ್ಯ ಮುಳುಗಿದ ಮೇಲೆ ಕರೆಂಟಿಲ್ಲ. ಕೆಲವು ಗಂಟೆ ಉಪವಾಸ ಬಿದ್ದರೂ ಈ ಜೀವಿಗಳು ಬದುಕುತ್ತವೆ, ಮತ್ತೆ ಕೊಟ್ಟರೆ ಕೆಲಸ ಹಿಡಿಯುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅಷ್ಟು ಬಂಡವಾಳ ಹಾಕಿದ ತೊಟ್ಟಿ ಅರ್ಧ ದಿನ ಸುಮ್ಮನೆ ಕೂತರೆ ಬಡ್ಡಿ ಕೂರುವುದಿಲ್ಲ.

ಇನ್ನೊಂದು ಮಾತು ಜನಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಪಾರ್ಕಿನಲ್ಲಿ ಕರೆಂಟಿದೆ, ಇಂಗಾಲದ ಡೈಆಕ್ಸೈಡ್ ಎಲ್ಲಿದೆ? ಗಾಳಿಯಲ್ಲಿರುವುದು ಶೇ. 0.04 ಮಾತ್ರ, ಸೋಸಿ ತೆಗೆಯುವುದೇ ದೊಡ್ಡ ಖರ್ಚು. ಕರೆಂಟನ್ನು ತಂತಿಯಲ್ಲಿ ದೂರ ಒಯ್ಯಬಹುದು. 1902ರಲ್ಲೇ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಗಿತ್ತಲ್ಲ. ಅನಿಲ ಒಯ್ಯುವುದು ಅಷ್ಟು ಹಗುರವಲ್ಲ. ಆದ್ದರಿಂದ ಇಂಥ ಘಟಕ ಕಟ್ಟಬೇಕಾದ್ದು ಅನಿಲ ಹುಟ್ಟುವ ಜಾಗದಲ್ಲಿ. ಎಥನಾಲ್ ಡಿಸ್ಟಿಲರಿಗಳಲ್ಲಿ ಹುದುಗುವ ತೊಟ್ಟಿಯಿಂದ ಬಹುತೇಕ ಶುದ್ಧ ಇಂಗಾಲದ ಡೈಆಕ್ಸೈಡೇ ಬರುತ್ತದೆ, 1 ಕೆಜಿ ಎಥನಾಲಿಗೆ ಹೆಚ್ಚೂಕಡಿಮೆ 1 ಕೆಜಿ. ದೊಡ್ಡ ಬಯೋಗ್ಯಾಸ್ ಘಟಕವಿದ್ದರೆ ಅದೂ ಸರಿ. ಪಾವಗಡದ ಹುಡುಗರಿಗೆ ನಾನು ಹೇಳುವುದು: ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟೇಶನ್ ಕೆಲಸ ಗಟ್ಟಿಯಾಗಿ ಕಲಿಯಿರಿ. ಈ ತಂತ್ರ ಬಂದರೂ ಬರದಿದ್ದರೂ ಆ ಕೆಲಸ ಬೇಕಾಗುತ್ತದೆ.

ಒಬ್ರು ‘ಗಾಳಿಯಿಂದ ಇಂಧನ’ ಅಂತ ಹಣ ಹಾಕೋಕೆ ಹೇಳ್ತಿದ್ದಾರೆ, ಹಾಕಲಾ?

ಕೆಜಿಗೆ ಎಷ್ಟು ಯೂನಿಟ್, ಲೀಟರಿನಲ್ಲಿ ಎಷ್ಟು ಗ್ರಾಂ, ನಿಲ್ಲಿಸದೆ ಎಷ್ಟು ದಿನ ಓಡಿದೆ ಎಂದು ಕೇಳಿ. ಮೂರಕ್ಕೂ ಬರಹದಲ್ಲಿ ಉತ್ತರ ಕೊಡದಿದ್ದರೆ ಹಾಕಬೇಡಿ. ಮೀಥೇನಿಗೆ ಕೆಜಿಗೆ 14 ಯೂನಿಟ್, ಅಸಿಟಿಕ್ ಆಮ್ಲಕ್ಕೆ 4 ಯೂನಿಟ್‌ಗಿಂತ ಕಡಿಮೆ ಹೇಳಿದರೆ ಎದ್ದು ಬನ್ನಿ.

ಕೊನೆಗೆ ಸಿಗೋದು ವಿನೆಗರ್ ತಾನೆ? ಅದಕ್ಕೆ ಇಷ್ಟೆಲ್ಲ ಯಾಕೆ?

ಉಪ್ಪಿನಕಾಯಿಗೆ ಹಾಕುವುದು ಅಸಿಟಿಕ್ ಆಮ್ಲದ ಚಿಕ್ಕ ಉಪಯೋಗ. ಬಣ್ಣ, ಫೆವಿಕಾಲಿನಂಥ ಅಂಟು, ಪಾಲಿಯೆಸ್ಟರ್ ಬಟ್ಟೆ ತಯಾರಿಕೆಯಲ್ಲೆಲ್ಲ ಅದು ಬೇಕು. ಇವತ್ತು ಅದರ ಬಹುಪಾಲು ಬರುವುದು ಕಲ್ಲಿದ್ದಲು, ನೈಸರ್ಗಿಕ ಅನಿಲದಿಂದ ಮಾಡಿದ ಮೆಥನಾಲಿನಿಂದ.

ಅಸಿಟೇಟ್ ಕೊನೆಯ ನಿಲ್ದಾಣವೂ ಅಲ್ಲ. ಕ್ಲಾಸ್ಟ್ರಿಡಿಯಂ ಕ್ಲೂವೆರಿ ಎಂಬ ಬ್ಯಾಕ್ಟೀರಿಯಾ ಅಸಿಟೇಟನ್ನೂ ಎಥನಾಲನ್ನೂ ಪೋಣಿಸಿ ಆರು ಇಂಗಾಲದ ಕ್ಯಾಪ್ರೊಯಿಕ್ ಆಮ್ಲ ಮಾಡುತ್ತದೆ. ಲ್ಯಾಟಿನ್ನಿನಲ್ಲಿ ‘ಕಾಪ್ರಾ’ ಎಂದರೆ ಮೇಕೆ. ಸೀಸೆ ತೆರೆದರೆ ಶಿರಾ ಸಂತೆಯ ಹೋತದ ವಾಸನೆಯೇ. ಅದಕ್ಕೆ ಬೆಲೆ ಹೆಚ್ಚು, ನೀರಿನಲ್ಲಿ ಕಡಿಮೆ ಕರಗುವುದರಿಂದ ಬೇರ್ಪಡಿಸುವುದೂ ಸುಲಭ. ಫಿನ್ಲೆಂಡಿನ ಸೋಲಾರ್ ಫುಡ್ಸ್ ಕಂಪನಿ ಕರೆಂಟಿನಿಂದ ಮಾಡಿದ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸಿ, ಆ ಬ್ಯಾಕ್ಟೀರಿಯಾವನ್ನೇ ಪ್ರೋಟೀನ್ ಹಿಟ್ಟಾಗಿ ಮಾಡುತ್ತಿದೆ. ಸಿಂಗಪುರ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಪಶು ಆಹಾರದ ಹಿಂಡಿಗೆ ದುಡ್ಡು ಸುರಿಯುವ ನಮ್ಮ ಹಾಲು ಉತ್ಪಾದಕರು ಗಮನ ಇಡಬೇಕಾದ ದಾರಿ ಇದು ಎಂಬುದು ನನ್ನ ಎಣಿಕೆ.

## ಒಳಹೊಕ್ಕು ಕೇಳುವವರಿಗೆ

ಎಲೆಕ್ಟ್ರಾನ್ ಜೀವಕೋಶದ ಗೋಡೆ ದಾಟೋದು ಹೇಗೆ?

ಎರಡು ದಾರಿ. ಒಂದು, ಜೀವಿ ಎಲೆಕ್ಟ್ರೋಡಿಗೆ ಅಂಟಿ ಕೂತು ಸೈಟೋಕ್ರೋಮ್ ಎಂಬ ಕಬ್ಬಿಣವಿರುವ ಪ್ರೋಟೀನುಗಳ ಸರಪಳಿಯಿಂದ ನೇರ ಒಳಗೆಳೆದುಕೊಳ್ಳುವುದು. ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹೊರಗೆ ಚಾಚುವ ನ್ಯಾನೋ ತಂತಿಗಳು ಇಂಥ ಸೈಟೋಕ್ರೋಮುಗಳನ್ನು ಪೋಣಿಸಿದ ಎಳೆಗಳು ಎಂದು 2019ರಲ್ಲಿ ರಚನೆ ಸಮೇತ ಕಂಡಿತು. ಎರಡನೆಯದು, ಎಲೆಕ್ಟ್ರೋಡಿನ ಮೈಮೇಲೆ ಮೊದಲು ಹೈಡ್ರೋಜನ್ ಹುಟ್ಟಿ, ಅದು ಗುಳ್ಳೆಯಾಗುವ ಮುಂಚೆಯೇ ಜೀವಿ ಬಾಚಿಕೊಳ್ಳುವುದು. ಅಸಿಟೇಟ್ ಮಾಡುವವುಗಳಲ್ಲಿ ಎರಡನೆಯದೇ ಹೆಚ್ಚು ಎಂದು ಪುರಾವೆಗಳು ವಾಲುತ್ತಿವೆ. ಹೇಗೇ ಬಂದರೂ, ಒಳಗೆ ನಡೆಯುವುದು ವುಡ್-ಯುಂಗ್‌ಡಾಲ್ ಮಾರ್ಗ: ಒಂದು ಇಂಗಾಲದ ಡೈಆಕ್ಸೈಡ್ ಮೀಥೈಲ್ ಆಗಿ, ಇನ್ನೊಂದು ಕಾರ್ಬನ್ ಮೊನಾಕ್ಸೈಡ್ ಆಗಿ, ಎರಡೂ ಬೆಸೆದು ಅಸಿಟೈಲ್-ಕೋಎ ಎಂಬ ಅಣು, ಅದರಿಂದ ಅಸಿಟೇಟ್.

ಹೈಡ್ರೋಜನ್ ಮೂಲಕವೇ ನಡೆಯೋದಾದ್ರೆ, ಬೇರೆ ಎಲೆಕ್ಟ್ರೊಲೈಸರ್ ಇಟ್ಟು ಹೈಡ್ರೋಜನ್ ಕೊಟ್ರೆ ಆಯ್ತಲ್ಲ?

ತಲೆ ಇರುವ ಪ್ರಶ್ನೆ. ದೊಡ್ಡ ಪ್ರಮಾಣಕ್ಕೆ ಹೋದವರೆಲ್ಲ ಮಾಡಿದ್ದು ಅದನ್ನೇ. ಕೈಗಾರಿಕಾ ಎಲೆಕ್ಟ್ರೊಲೈಸರಿನಲ್ಲಿ (ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ) ಚದರ ಮೀಟರಿಗೆ ಸಾವಿರಾರು ಆಂಪಿಯರ್ ಹರಿಯುತ್ತದೆ, ಜೀವಿ ಕೂತ ಎಲೆಕ್ಟ್ರೋಡಿನಲ್ಲಿ ನೂರರ ಆಸುಪಾಸಾದರೆ ಒಳ್ಳೆಯದೇ. ಒಂದೇ ಪಾತ್ರೆಯ ವಿಧಾನಕ್ಕೆ ಉಳಿದಿರುವ ಬಲ ಇದು: ಹೈಡ್ರೋಜನ್ ಲೀಟರ್ ನೀರಿಗೆ 1.6 ಮಿಲಿಗ್ರಾಂ ಮಾತ್ರ ಕರಗುತ್ತದೆ, ಹೊರಗಿನಿಂದ ಊದಿದರೆ ಬಹಳಷ್ಟು ಮೇಲೆದ್ದು ಹೋಗುತ್ತದೆ, ಅದನ್ನು ಹಿಡಿದು ಮತ್ತೆ ಊದಲು ಪಂಪ್ ಬೇಕು. ಜೀವಿಯ ಬಾಯಿಗೇ ಇಟ್ಟರೆ ಆ ರಗಳೆ ಇಲ್ಲ. ಸಣ್ಣ ಘಟಕಕ್ಕೆ, ಅದರಲ್ಲೂ ಬಯೋಗ್ಯಾಸ್ ಗುಂಡಿಗೆ, ಒಂದೇ ಪಾತ್ರೆಯೇ ಸರಿ ಎನ್ನುವ ಕಡೆ ನಾನಿದ್ದೇನೆ.

ನಮ್ಮ ಸೆಟಪ್‌ನಲ್ಲಿ ಅಸಿಟೇಟ್ ಬರ್ತಿಲ್ಲ, ಬರೀ ಮೀಥೇನ್ ಬರ್ತಿದೆ. ಏನ್ಮಾಡೋದು?

ಸಗಣಿ ರಾಡಿಯನ್ನೇ ಬೀಜವಾಗಿ ಹಾಕಿರುತ್ತೀರಿ. ಹಾಕುವ ಮುಂಚೆ 90 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ. ಮೀಥೇನ್ ಆರ್ಕಿಯಾ ಸಾಯುತ್ತವೆ, ಬೀಜಕಣ ಕಟ್ಟುವ ಬ್ಯಾಕ್ಟೀರಿಯಾ ಉಳಿಯುತ್ತವೆ. ಆದರೆ ಅಸಿಟೇಟ್ ಮಾಡುವ, ಬೀಜಕಣ ಕಟ್ಟದ ಅಸಿಟೋಬ್ಯಾಕ್ಟೀರಿಯಂ ಕೂಡ ಜೊತೆಗೇ ಹೋಗುತ್ತದೆ, ಅದು ನೆನಪಿರಲಿ. ಪಿಎಚ್ 6ರ ಕೆಳಗಿಟ್ಟರೂ ಮೀಥೇನಿನ ಕಡೆ ಸೊರಗುತ್ತದೆ.

ಬೋರ್‌ವೆಲ್ ನೀರು ಹಾಕಿದ್ವಿ, ಎಲೆಕ್ಟ್ರೋಡ್ ಮೇಲೆ ಬೆಳ್ಳಗೆ ಕಟ್ಟಿಕೊಳ್ತಿದೆ. ಅದೇನು?

ಗೀಸರಿನ ಕಾಯಿಲ್ ಮೇಲೆ ಕಟ್ಟುವುದೇ. ಕ್ಯಾಥೋಡಿನ (ಜೀವಿಗೆ ಎಲೆಕ್ಟ್ರಾನು ಕೊಡುವ ಎಲೆಕ್ಟ್ರೋಡಿನ) ಮೈ ಹತ್ತಿರ ಪ್ರೋಟಾನು ಖರ್ಚಾಗಿ ನೀರು ಕ್ಷಾರವಾಗುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಅಲ್ಲೇ ಕೂರುತ್ತದೆ. ನಮ್ಮ ಬಯಲುಸೀಮೆ ನೀರಿಗೆ ಇದು ತಪ್ಪಿದ್ದಲ್ಲ. ಆ ನೀರಿನ ಕ್ಲೋರೈಡು ಆನೋಡಿನಲ್ಲಿ, ಅಂದರೆ ಇನ್ನೊಂದು ಎಲೆಕ್ಟ್ರೋಡಿನಲ್ಲಿ, ಕ್ಲೋರಿನ್ ಕೂಡ ಆಗಬಹುದು. ಮಳೆನೀರು ಹಿಡಿದು, ಬೇಕಾದ ಲವಣ ನೀವೇ ಸೇರಿಸಿ. ಖರ್ಚಾಗುವ ನೀರು ಕೆಜಿ ಆಮ್ಲಕ್ಕೆ 600 ಗ್ರಾಂ ಮಾತ್ರ.

ತಿಪಟೂರಿನ ತೆಂಗಿನ ಚಿಪ್ಪಿನ ಇದ್ದಿಲು ಎಲೆಕ್ಟ್ರೋಡ್‌ಗೆ ಬರುತ್ತಾ?

ಒಲೆಯ ಇದ್ದಿಲು ಬರುವುದಿಲ್ಲ, ಅದರಲ್ಲಿ ಕರೆಂಟ್ ಹರಿಯುವುದು ಕಷ್ಟ. ಗಾಳಿ ಬಿಡದೆ 800–900 ಡಿಗ್ರಿಗೆ ಸುಟ್ಟು ಉಗಿ ಹಾಯಿಸಿದ ಆಕ್ಟಿವೇಟೆಡ್ ಕಾರ್ಬನ್ ಕಾಳುಗಳನ್ನು ಗ್ರಾಫೈಟ್ ಕಡ್ಡಿಯ ಸುತ್ತ ತುಂಬಿದರೆ ಕೆಲಸಕ್ಕೆ ಬರುತ್ತದೆ. ಸಣ್ಣ ರಂಧ್ರಗಳ ಒಳಗೆ ಜೀವಿ ಹೋಗಲಾರದು, ಆದರೆ ಹೊರಮೈಯ ಒರಟುತನ ಅವಕ್ಕೆ ಹಿಡಿತ ಕೊಡುತ್ತದೆ.

ಎಂ.ಎಸ್ಸಿ. ಮಾಡ್ತಿದ್ದೀನಿ. ಈ ವಿಷಯದಲ್ಲಿ ನಿಜವಾಗ್ಲೂ ಬಗೆಹರಿಯದೆ ಉಳಿದಿರೋದು ಯಾವುದು?

ಎಲ್ಲರೂ ಜೀವಿಯ ಹಿಂದೆ ಬಿದ್ದಿದ್ದಾರೆ. ನೀವು ಪಾತ್ರೆಯಿಂದ ಆಮ್ಲ ಹೊರತೆಗೆಯುವುದರ ಹಿಂದೆ ಬೀಳಿ. ಲೀಟರಿಗೆ 10 ಗ್ರಾಂ ಬಂದರೆ ನಾವೆಲ್ಲ ಹಿಗ್ಗುತ್ತೇವೆ, ಅಂಗಡಿಯ ವಿನೆಗರಿನಲ್ಲಿ 40ರ ಮೇಲಿರುತ್ತದೆ. 1 ಕೆಜಿ ಆಮ್ಲ 100 ಲೀಟರ್ ನೀರಿನಲ್ಲಿ ಕರಗಿ ಕೂತಿದೆ. ಅಸಿಟಿಕ್ ಆಮ್ಲ ಕುದಿಯುವುದು 118 ಡಿಗ್ರಿಗೆ, ಅಂದರೆ ಮೊದಲು ಆವಿಯಾಗಿ ಹೋಗಬೇಕಾದ್ದು ನೀರೇ. ಬರೀ ಕುದಿಸಿ ತೆಗೆಯುತ್ತೇನೆಂದರೆ 60 ಯೂನಿಟ್ಟಿಗೂ ಮೇಲೆ ಶಾಖ ಬೇಕು, ಆಮ್ಲ ಮಾಡಿದ ಕರೆಂಟಿನ ಐದಾರು ಪಟ್ಟು. ಬೆಲ್ಜಿಯಂನ ಘೆಂಟ್‌ನಲ್ಲಿ ಕೊರ್ನೀಲ್ ರಬಾಯ್ ತಂಡ ಹಿಡಿದ ದಾರಿ ಚೆನ್ನಾಗಿದೆ: ಋಣಾಂಶದ ಅಸಿಟೇಟ್ ಅದೇ ಕರೆಂಟಿನ ಸೆಳೆತಕ್ಕೆ ಅಯಾನು ಪೊರೆ ದಾಟಿ ಪಕ್ಕದ ಕೋಣೆಗೆ ಹೋಗಿ, ಅಲ್ಲಿ ಆಮ್ಲವಾಗಿ ಸಾಂದ್ರವಾಗುತ್ತದೆ. ಮಾಡುವುದಕ್ಕೂ ಬೇರ್ಪಡಿಸುವುದಕ್ಕೂ ಒಂದೇ ಕರೆಂಟ್. ಅಂಥ ಪೊರೆ ಇವತ್ತು ದುಬಾರಿ, ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಹೈದರಾಬಾದಿನ ಐಐಸಿಟಿ, ಮೊಹಾಲಿಯ ಐಸರ್ ಎಂಬ ಸಂಶೋಧನಾ ಸಂಸ್ಥೆಗಳಲ್ಲಿ ಈ ಕ್ಷೇತ್ರದ ಕೆಲಸ ನಡೆಯುತ್ತಿದೆ, ಬೇಸಿಗೆ ತರಬೇತಿಗೆ ಬರೆದು ಕೇಳಿ. ಹೋಗುವಾಗ ನಿಮ್ಮೂರಿನ ಬೋರ್‌ವೆಲ್ ನೀರಿನ ಒಂದು ಕ್ಯಾನ್ ಜೊತೆಗೆ ಒಯ್ಯಿರಿ, ಪೊರೆಯನ್ನು ಮೊದಲು ಆ ನೀರಿನಲ್ಲೇ ಓಡಿಸಿ ನೋಡಿ.